ಹದಿನೆಂಟು ಅಡಿಯ ಅಂಗಳ

ನಮ್ಮ ಹುಣಸೂರಿನಲ್ಲಿ ಮಡಿಕೇರಿ ಬಸ್ಸು ಹತ್ತಿದರೆ, ಪಿರಿಯಾಪಟ್ಟಣ ದಾಟಿ ಸ್ವಲ್ಪ ಹೊತ್ತಿಗೆಲ್ಲ ಕೊಡಗು. ಹೊಗೆಸೊಪ್ಪಿನ ಹೊಲಗಳು ಹಿಂದೆ ಬಿದ್ದು ಕಾಫಿ ತೋಟ ಶುರುವಾಗುತ್ತದೆ. ಟೆನಿಸ್ ಆಟಗಾರ ರೋಹನ್ ಬೋಪಣ್ಣ ಬೆಳೆದದ್ದು ಅಂಥದೊಂದು ತೋಟದಲ್ಲಿ. ಮಗ ಒಬ್ಬನೇ ನಿಂತು ಆಡುವ ಆಟವೊಂದನ್ನು ಕಲಿಯಲೆಂದು ಅಪ್ಪನ ಆಸೆ; ಹನ್ನೊಂದನೇ ವಯಸ್ಸಿಗೆ ರ‍್ಯಾಕೆಟ್ ಹಿಡಿಸಿದರು. ತಮಾಷೆ ನೋಡಿ, ಕೊನೆಗೆ ಅವರಿಗೆ ಹೆಸರು ತಂದದ್ದು ಇಬ್ಬರು ಜೊತೆಯಾಗಿ ಆಡುವ ಡಬಲ್ಸ್.

2010ರಲ್ಲಿ ಪಾಕಿಸ್ತಾನದ ಐಸಾಮ್ ಖುರೇಷಿಯವರ ಜೊತೆಗೂಡಿ ಅಮೆರಿಕನ್ ಓಪನ್ ಫೈನಲ್ ತಲುಪಿ ಸೋತರು. 2017ರಲ್ಲಿ ಕೆನಡಾದ ಗೇಬ್ರಿಯೇಲಾ ಡಬ್ರೋವ್‌ಸ್ಕಿ ಜೊತೆ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್ ಗೆದ್ದರು. ಆಗ ಮೂವತ್ತೇಳು ವರ್ಷ. ಅಲ್ಲಿಗೇ ನಿಲ್ಲಿಸಿದ್ದರೂ ಯಾರೂ ಏನೂ ಅನ್ನುತ್ತಿರಲಿಲ್ಲ. ಆದರೆ ನನಗೆ ಅವರಲ್ಲಿ ಆಸಕ್ತಿ ಹುಟ್ಟುವುದು ಅಲ್ಲಿಂದ ಮುಂದಕ್ಕೆ.

ಎರಡೂ ಮಂಡಿಯ ಮೃದ್ವಸ್ಥಿ ಸವೆದುಹೋಗಿತ್ತು. ನೋವಿನ ಮಾತ್ರೆ ನುಂಗಿ ಆಡುತ್ತಿದ್ದರು. ಕೋವಿಡ್ ಕಾಲದಲ್ಲಿ ಬೆಂಗಳೂರಿನಲ್ಲಿ ಅಯ್ಯಂಗಾರ್ ಯೋಗ ಹಿಡಿದರು. ಆಮೇಲೂ ಒಮ್ಮೆ ಐದು ತಿಂಗಳು ಒಂದು ಪಂದ್ಯವನ್ನೂ ಗೆಲ್ಲದೆ, ಇನ್ನು ಸಾಕೆಂದು ಹೆಂಡತಿಗೆ ಸಂದೇಶ ಕಳಿಸಿದ್ದರಂತೆ. ನಲವತ್ತೈದು ಮಕ್ಕಳ ಮುಂದೆ ಆರು ಪೀರಿಯಡ್ ನಿಂತು ಪಾಠ ಹೇಳಿ ಮನೆಗೆ ಬಂದು ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುವ ನನ್ನಂಥವಳಿಗೆ ಇದು ಆಟದ ಪುಟದ ಸುದ್ದಿಯಾಗಿ ಕಾಣಲಿಲ್ಲ.

2024ರ ಜನವರಿಯಲ್ಲಿ, ನಲವತ್ತಮೂರರಲ್ಲಿ, ಮ್ಯಾಥ್ಯೂ ಎಬ್ಡನ್ ಜೊತೆ ಆಸ್ಟ್ರೇಲಿಯನ್ ಓಪನ್ ಗೆದ್ದರು. ಅದರ ಬೆನ್ನಿಗೇ ಡಬಲ್ಸ್‌ನಲ್ಲಿ ಜಗತ್ತಿಗೇ ಮೊದಲ ಸ್ಥಾನ. ಅಷ್ಟು ತಡವಾಗಿ ಆ ಸ್ಥಾನಕ್ಕೆ ಮೊದಲ ಸಲ ಏರಿದವರು ಬೇರೊಬ್ಬರಿಲ್ಲ. 2025ರ ನವೆಂಬರ್ 1ರಂದು, ನಮ್ಮ ರಾಜ್ಯೋತ್ಸವದ ದಿನವೇ, ನಿವೃತ್ತಿ ಹೇಳಿದರು.

ಇದನ್ನು ಪವಾಡ ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಸಿಂಗಲ್ಸ್ ಅಂಗಳದ ಅಗಲ 27 ಅಡಿ, ಓಡುವವರು ಒಬ್ಬರೇ. ಡಬಲ್ಸ್‌ದು 36 ಅಡಿ, ಅದನ್ನು ಇಬ್ಬರು ಹಂಚಿಕೊಂಡರೆ ತಲೆಗೆ 18. ಆಳು ಎತ್ತರ, ಸರ್ವ್ ಬಿರುಸು. ಮಂಡಿ ಹೋದರೂ ಭುಜ ಉಳಿದಿತ್ತು. ತನ್ನಲ್ಲಿ ಏನು ಉಳಿದಿದೆಯೋ ಅದಕ್ಕೆ ಒಗ್ಗುವ ಅಂಗಳವನ್ನು ನೋಡಿಕೊಂಡರು, ಅಷ್ಟೇ.

ನಮ್ಮ ಕಡೆ ಹೆಣ್ಣುಮಕ್ಕಳಿಗೆ ಹದಿನೆಂಟು ತುಂಬುವಷ್ಟರಲ್ಲಿ ಎಲ್ಲ ಮುಗಿಯಿತೆಂದು ತೀರ್ಮಾನಿಸಿಬಿಡುತ್ತೇವೆ. ಹೊಗೆಸೊಪ್ಪು ಬೇಯಿಸುವ ತಿಂಗಳುಗಳಲ್ಲಿ ಬೆಂಚುಗಳು ಖಾಲಿ. ಸೊಪ್ಪು ಕಟ್ಟಲು ಹೋದವರಲ್ಲಿ ಕೆಲವರು ತಿರುಗಿ ಬರುವುದೇ ಇಲ್ಲ. ಹತ್ತನೇ ತರಗತಿಯಲ್ಲಿ ನನ್ನ ಕೈಯಲ್ಲಿ ಕಲಿತು, ಆಮೇಲೆ ಮದುವೆಯಾಗಿ ಹೆಗ್ಗಡದೇವನಕೋಟೆ ಕಡೆ ಹೋಗಿದ್ದ ಹುಡುಗಿಯೊಬ್ಬಳು ಮೊನ್ನೆ ಕಂಕುಳಲ್ಲಿ ಮಗು ಹೊತ್ತು ಬಂದಳು. "ಮಿಸ್, ಪಿ.ಯು.ಸಿ. ಪರೀಕ್ಷೆ ಕಟ್ಟಲಾ? ಇಪ್ಪತ್ತೊಂಬತ್ತಾಯ್ತು ನಂಗೆ. ಎಲ್ಲ ನಗ್ತಾರೆ."

ಬೋಪಣ್ಣನವರ ಕಥೆಯನ್ನು ಉತ್ಸಾಹದಿಂದಲೇ ಹೇಳಿದೆ. ಮಂಡಿ, ಮಾತ್ರೆ, ನಲವತ್ತಮೂರು, ಎಲ್ಲ. ಅವರಿಗೂ ಪುಟ್ಟ ಮಗಳಿದ್ದಾಳೆ ಎಂದೆ. ಅವಳು ಗಮನವಿಟ್ಟು ಕೇಳಿ, "ಅವ್ರು ಆಡಕ್ಕೆ ಹೋದಾಗ ಮಗೂನ ಯಾರು ನೋಡ್ಕೊತಿದ್ರು ಮಿಸ್?" ಎಂದಳು.

ಬೆಲ್ಜಿಯಂನ ಕಿಮ್ ಕ್ಲೈಸ್ಟರ್ಸ್ ನೆನಪಾದರು. 2007ರಲ್ಲಿ ಆಟ ಬಿಟ್ಟು, 2008ರಲ್ಲಿ ಮಗಳನ್ನು ಹೆತ್ತು, 2009ರಲ್ಲಿ ಯಾವ ಶ್ರೇಯಾಂಕವೂ ಇಲ್ಲದೆ ಬಂದು ಅಮೆರಿಕನ್ ಓಪನ್ ಗೆದ್ದಾಕೆ. ತಾಯಿಯಾದವಳೊಬ್ಬಳು ಅಂಥ ದೊಡ್ಡ ಸಿಂಗಲ್ಸ್ ಪ್ರಶಸ್ತಿ ಗೆದ್ದದ್ದು 1980ರ ಇವಾನ್ ಗೂಲಗಾಂಗ್ ನಂತರ ಅದೇ ಮೊದಲು. ಅದನ್ನೂ ಹೇಳಿದೆ. ಅವಳ ಪ್ರಶ್ನೆ ಮಾತ್ರ ಅಲ್ಲೇ ಇತ್ತು. ಮಗು ಅಷ್ಟರಲ್ಲಿ ನನ್ನ ಹಾಜರಿ ಪುಸ್ತಕದ ಮೂಲೆ ಕಚ್ಚುತ್ತಿತ್ತು.

"ಅರ್ಜಿ ಹಾಕು. ಪರೀಕ್ಷೆ ದಿನಗಳಲ್ಲಿ ಇವನು ನಮ್ಮನೇಲಿರಲಿ" ಎಂದೆ. ಅವಳು ಪುಸ್ತಕ ಬಿಡಿಸಿ, ಸೆರಗಿನಿಂದ ಒರೆಸಿ ಕೊಟ್ಟು, ಶುಲ್ಕ ಎಷ್ಟೆಂದು ಕೇಳಿದಳು.