ಮೋವಾಬ್ ಬಂಡೆ ಮೇಲೆ ನಮ್ಮ ಹಳೇ ಪಿಕಪ್

ಅಮೆರಿಕದ ಯೂಟಾ ರಾಜ್ಯದಲ್ಲಿ, ಕೊಲೊರಾಡೋ ನದಿ ಪಕ್ಕದ ಪುಟ್ಟ ಊರು ಮೋವಾಬ್. ಎಲ್ಲಿ ನೋಡಿದ್ರೂ ಕೆಂಪು ಮರಳುಗಲ್ಲು. ಇದಕ್ಕೆ ಇಲ್ಲಿಯವರು ‘ಸ್ಲಿಕ್‌ರಾಕ್’ ಅಂತಾರೆ. ಹಿಂದೆ ಕುದುರೆ ಲಾಳ ಇದರ ಮೇಲೆ ಜಾರುತ್ತಿತ್ತಂತೆ. ರಬ್ಬರ್ ಟೈರಿಗೆ ಮಾತ್ರ ಉಡದ ಹಿಡಿತ! 1967ರಿಂದ ಇಲ್ಲಿ ಈಸ್ಟರ್ ಹೊತ್ತಿಗೆ ಜೀಪ್ ಸಫಾರಿ ನಡೆಯುತ್ತೆ.

ಸಾಲ್ಟ್ ಲೇಕ್ ಸಿಟಿಯಿಂದ ನಾಲ್ಕು ಗಂಟೆ ದಾರಿ. ನಾನು, ನನ್ನಾಕೆ ಹೋಗಿದ್ದು ನಮ್ಮ 1985ರ ಟೊಯೋಟಾ ಪಿಕಪ್‌ನಲ್ಲಿ. ಅಮೆರಿಕದಲ್ಲಿ ಮಾರಿದ ಟೊಯೋಟಾ ಫೋರ್‌ವೀಲ್ ಪಿಕಪ್‌ಗಳಲ್ಲಿ ಮುಂದೆ ಇಡೀ ಆಕ್ಸಲ್ ಇದ್ದದ್ದು ಆ ವರ್ಷದವರೆಗೆ ಮಾತ್ರ. ಅದಕ್ಕೇ ಬಂಡೆ ಹತ್ತುವವರಿಗೆ ಈ ಗಾಡಿ ಅಂದ್ರೆ ಪ್ರಾಣ.

“ದೊಡ್ಡ ಟೈರ್ ಹಾಕಿದ್ರೆ ಆಯ್ತಲ್ವಾ?” ಅಂತ ಸ್ನೇಹಿತರು ಕೇಳ್ತಾರೆ. ಅಷ್ಟಕ್ಕೇ ಮುಗಿಯಲ್ಲ. 28 ಇಂಚಿನ ಜಾಗಕ್ಕೆ 33 ಇಂಚಿನ ಟೈರ್ ಬಂದ್ರೆ ಎಳೆಯೋ ಶಕ್ತಿ ಕುಗ್ಗುತ್ತೆ. ಆಗ ಡಿಫರೆನ್ಷಿಯಲ್ ಗೇರ್ ಬದಲಿಸಬೇಕು. ಲೆಕ್ಕ ಸುಲಭ: ಹಳೇ ಅನುಪಾತ 4.10 ಅನ್ನು 33ರಿಂದ ಗುಣಿಸಿ, 28ರಿಂದ ಭಾಗಿಸಿ. 4.83 ಬರುತ್ತೆ. ಹತ್ತಿರದಲ್ಲಿ ಸಿಗೋದು 4.88. ಮುಂದೆ, ಹಿಂದೆ ಎರಡಕ್ಕೂ ಅದೇ ಇರಬೇಕು. ಇಲ್ಲಾಂದ್ರೆ ಫೋರ್‌ವೀಲ್ ಹಾಕಿದ ಕೂಡಲೇ ಎರಡು ಆಕ್ಸಲ್‌ಗೂ ಜಗಳ ಶುರು.

ಇನ್ನು ಆಕ್ಸಲ್. ಮುಂಚಕ್ರವನ್ನು ತಿರುಗಿಸೋ ಬರ್ಫೀಲ್ಡ್ ಜಾಯಿಂಟ್ ಮೇಲೆ ದೊಡ್ಡ ಟೈರಿನ ಹೊರೆ ಬೀಳುತ್ತೆ. ಸ್ಟೀರಿಂಗ್ ಪೂರ್ತಿ ತಿರುಗಿಸಿ ಆಕ್ಸಿಲರೇಟರ್ ಒತ್ತಿದ್ರೆ ಮುರಿಯೋ ಭಯ. ಹಾಗಾಗಿ ಗಟ್ಟಿ ಕ್ರೋಮೊಲಿ ಉಕ್ಕಿನದ್ದು ಹಾಕಿಸಿದ್ವಿ.

‘ಹೆಲ್ಸ್ ರಿವೆಂಜ್’ ಅನ್ನೋ ದಾರಿ ಶುರುವಾಗೋದೇ ಆನೆ ಬೆನ್ನಿನಂಥ ಕಿರಿದಾದ ಬಂಡೆ ಏರಿ. ಎರಡೂ ಕಡೆ ಇಳಿಜಾರು, ತಡೆಗೋಡೆ ಇಲ್ಲ. ಟೈರಿನ ಗಾಳಿಯನ್ನು 30ರಿಂದ 15 ಪಿಎಸ್‌ಐಗೆ ಇಳಿಸಿದೆ. ಏರು ಹತ್ತಿದ್ದಾಯ್ತು. ಇಳಿಯುವಾಗ ಮುಂದೆ ಕಂಡದ್ದು ಬಾನೆಟ್, ಅದರಾಚೆ ಆಕಾಶ. ನನ್ನಾಕೆ ಹಿಡಿಕೆ ಬಿಗಿಹಿಡಿದು, “ರೀ, ಬ್ರೇಕ್ ನಂಬ್ಕೊಂಡು ಇಳೀತಿದ್ದೀರಾ?” ಅಂದಳು.

“ಗೇರ್ ನಂಬ್ಕೊಂಡು” ಅಂದೆ. ಲೋ ರೇಂಜ್, ಮೊದಲ ಗೇರ್. ಕ್ಲಚ್ ಮುಟ್ಟಲೇ ಇಲ್ಲ. ಎಂಜಿನ್ನೇ ಗಾಡಿಯನ್ನು ತಡೆದು ಹಿಡಿದು, ಬಸುರಿ ನಡೆದ ಹಾಗೆ ಮೆಲ್ಲಗೆ ಕೆಳಗಿಳಿಸಿತು. ಅವಳು ಹಿಡಿಕೆ ಬಿಟ್ಟು ನೀರಿನ ಬಾಟಲಿ ತೆಗೆದಳು. ಅಷ್ಟೂ ಖರ್ಚು ಸಾರ್ಥಕ ಅನಿಸಿದ್ದು ಆಗ.

ನಿಮ್ಮ ಹಳೇ ಗಾಡಿಗೂ ದೊಡ್ಡ ಟೈರಿನ ಆಸೆ ಇದ್ರೆ, ಮೊದಲೇ ಗೇರ್, ಆಕ್ಸಲ್ ಖರ್ಚನ್ನೂ ಕೂಡಿಸಿ ನೋಡಿ. ಮೂರೂ ಒಟ್ಟಿಗೆ ಆಗದಿದ್ರೆ ಸಣ್ಣ ಟೈರೇ ವಾಸಿ.