ಸೋಲಿನ ಲೆಕ್ಕ

ಆಟದ ಬಯಲಿನ ಅಂಚಿನಲ್ಲಿ ಕುಳಿತವನಿಗೆ ಆಟವೆಲ್ಲ ಸುಲಭವಾಗಿಯೇ ಕಾಣುತ್ತದೆ. ಚೆಂಡನ್ನು ಯಾರತ್ತ ಎಸೆಯಬೇಕಾಗಿತ್ತು, ಯಾರನ್ನು ಕಣಕ್ಕೆ ಇಳಿಸಬಾರದಾಗಿತ್ತು, ಯಾವ ಗಳಿಗೆಯಲ್ಲಿ ಎಚ್ಚರ ತಪ್ಪಿತು ಎಂಬುದೆಲ್ಲ ಅವನಿಗೆ ಅಂಗೈ ಮೇಲಿನ ನೆಲ್ಲಿಕಾಯಿಯಷ್ಟು ಸ್ಪಷ್ಟ. ಗೆದ್ದ ದಿನ ಅವನು ‘ನಾವು ಗೆದ್ದೆವು’ ಎನ್ನುತ್ತಾನೆ. ಸೋತ ದಿನ ‘ಅವರು ಸೋತರು’ ಎನ್ನುತ್ತಾನೆ. ಅಭಿಮಾನಿಯ ಸ್ವಭಾವವೆಲ್ಲ ಈ ಎರಡು ಮಾತುಗಳಲ್ಲಿ ಅಡಗಿದೆ. ಗೆದ್ದೆತ್ತಿನ ಬಾಲ ಹಿಡಿಯುವುದು ಮನುಷ್ಯನ ಹಳೆಯ ಚಾಳಿ. ಆದರೆ ಎತ್ತು ಸೋತಾಗ, ಅದು ಎಷ್ಟು ದಿನಗಳಿಂದ ಅರೆಹೊಟ್ಟೆಯಲ್ಲಿತ್ತು, ಅದರ ಹಗ್ಗ ಈಗಿನವನ ಕೈಗೆ ಬಂದದ್ದು ಯಾವಾಗ ಎಂದು ವಿಚಾರಿಸುವವರು ವಿರಳ.

ಈ ಮಾತಿಗೆ ಅಮೆರಿಕದ ಕಾಲೇಜು ಫುಟ್‌ಬಾಲ್ ಒಳ್ಳೆಯ ನಿದರ್ಶನ. ಹೆಸರು ಫುಟ್‌ಬಾಲ್ ಎಂದಿದ್ದರೂ ಅದು ಕನ್ನಡ ನಾಡಿನ ಮೈದಾನಗಳಲ್ಲಿ ಕಾಣುವ ಕಾಲ್ಚೆಂಡಾಟವಲ್ಲ. ಎರಡೂ ತುದಿ ಚೂಪಾದ ಚೆಂಡನ್ನು ಕೈಯಲ್ಲಿ ಹಿಡಿದು ಓಡುತ್ತ, ಎಸೆಯುತ್ತ, ನೂರು ಗಜದ ಬಯಲಿನಲ್ಲಿ ಎದುರಾಳಿಯ ಗಡಿಯತ್ತ ನುಗ್ಗುವ ಆಟವದು. ಕಣದಲ್ಲಿ ಒಂದೊಂದು ಪಕ್ಷಕ್ಕೆ 11 ಮಂದಿ. ಶರತ್ಕಾಲದ ಶನಿವಾರಗಳಲ್ಲಿ ಅಲ್ಲಿಯ ವಿಶ್ವವಿದ್ಯಾನಿಲಯಗಳ ತಂಡಗಳು ಸೆಣಸುವಾಗ ಊರಿಗೆ ಊರೇ ಕ್ರೀಡಾಂಗಣದಲ್ಲಿ ನೆರೆಯುತ್ತದೆ. ಮಿಷಿಗನ್ ವಿಶ್ವವಿದ್ಯಾನಿಲಯದ ಕ್ರೀಡಾಂಗಣವೊಂದರಲ್ಲಿಯೇ ಒಂದು ಲಕ್ಷಕ್ಕೂ ಹೆಚ್ಚು ಜನ ಕುಳಿತು ಆಟ ನೋಡಬಹುದು. ಆದರೆ ಒಂದು ಋತುವಿನಲ್ಲಿ ನಡೆಯುವ ಪಂದ್ಯಗಳು ಸಾಮಾನ್ಯವಾಗಿ ಹತ್ತು ಹದಿನೈದು. ಆದುದರಿಂದ ಒಂದೊಂದು ಸೋಲೂ ಅಭಿಮಾನಿಯ ಎದೆಯಲ್ಲಿ ವಾರಗಟ್ಟಲೆ ಮುಳ್ಳಿನಂತೆ ನಾಟಿಕೊಂಡಿರುತ್ತದೆ. ಆ ನೋವಿಗೆಲ್ಲ ಹೊಣೆಗಾರನಾಗಿ ಅವನ ಕಣ್ಣಿಗೆ ಬೀಳುವವನು ಒಬ್ಬನೇ: ತಂಡದ ಮುಖ್ಯ ತರಬೇತುದಾರ.

ಆ ತರಬೇತುದಾರ ಹೊಸಬನಾದರೆ ಅವನ ಪಾಡು ಇನ್ನೂ ಕಠಿಣ. ಅವನು ಬಂದು ನಿಲ್ಲುವುದು ಬೇರೊಬ್ಬನು ಉತ್ತು ಬಿತ್ತಿದ ಹೊಲದಲ್ಲಿ. ಆಟಗಾರರು ವಿದ್ಯಾರ್ಥಿಗಳು, ಅವರನ್ನು ಪ್ರೌಢಶಾಲೆಗಳಿಂದ ಹುಡುಕಿ, ವಿದ್ಯಾರ್ಥಿವೇತನ ಕೊಟ್ಟು ಕರೆತಂದವನು ಹಿಂದಿನ ತರಬೇತುದಾರ. ಒಬ್ಬ ಆಟಗಾರನು ಸಾಮಾನ್ಯವಾಗಿ ನಾಲ್ಕು ಋತುಗಳ ಕಾಲ ಆಡುತ್ತಾನಾದುದರಿಂದ, ಹೊಸಬನು ತಾನೇ ಆರಿಸಿದವರಿಂದ ತಂಡವನ್ನು ತುಂಬಿಕೊಳ್ಳಲು ಹಿಂದೆಲ್ಲ ಮೂರು ನಾಲ್ಕು ವರ್ಷಗಳಾದರೂ ಬೇಕಾಗುತ್ತಿದ್ದವು. ಅಷ್ಟರಲ್ಲಿ ಅಭಿಮಾನಿಗಳು ಮೊದಲ ಋತುವಿನ ಅಂಕಿಗಳನ್ನು ಹಿಡಿದು ತೀರ್ಪು ಕೊಟ್ಟುಬಿಟ್ಟಿರುತ್ತಿದ್ದರು. ಆ ತೀರ್ಪು ನ್ಯಾಯವಾದದ್ದೇ?

ಒಂದೇ ವಿಶ್ವವಿದ್ಯಾನಿಲಯದ ಇಬ್ಬರು ತರಬೇತುದಾರರ ಕಥೆ ಈ ಪ್ರಶ್ನೆಗೆ ಬೆಳಕು ಚೆಲ್ಲುತ್ತದೆ. ಇಂಡಿಯಾನ ರಾಜ್ಯದ ನೋಟರ್ ಡೇಮ್ ವಿಶ್ವವಿದ್ಯಾನಿಲಯಕ್ಕೆ ಫುಟ್‌ಬಾಲ್ ಎಂದರೆ ಪರಂಪರೆಯ ಹೆಮ್ಮೆ. 1918ರಿಂದ 1930ರವರೆಗೆ ನ್ಯೂಟ್ ರಾಕ್ನಿ ಅವರು ಅಲ್ಲಿ ತರಬೇತುದಾರರಾಗಿದ್ದಾಗ ಗಳಿಸಿದ ಕೀರ್ತಿ ಇಂದಿಗೂ ಮಾಸಿಲ್ಲ. 1981ರಲ್ಲಿ ಆ ಪೀಠಕ್ಕೆ ಜೆರಿ ಫೌಸ್ಟ್ ಎಂಬವರು ಬಂದರು. ಅವರು ಅದುವರೆಗೆ ಯಾವ ಕಾಲೇಜು ತಂಡಕ್ಕೂ ಮುಖ್ಯ ತರಬೇತುದಾರರಾಗಿದ್ದವರಲ್ಲ. ಸಿನ್ಸಿನಾಟಿ ನಗರದ ಪ್ರೌಢಶಾಲೆಯೊಂದರ ತಂಡವನ್ನು ಬಹುಕಾಲ ಪಳಗಿಸಿ, ದೇಶವೆಲ್ಲ ಬೆರಗಾಗುವಂತೆ ಗೆಲ್ಲಿಸಿದವರು. ಅವರ ಮೊದಲ ಪಂದ್ಯದಲ್ಲಿ ನೋಟರ್ ಡೇಮ್ 27-9ರಿಂದ ಗೆದ್ದಿತು. ಪತ್ರಿಕೆಗಳು ಆ ತಂಡವನ್ನು ದೇಶದ ಮೊದಲ ಸ್ಥಾನದಲ್ಲಿ ಕೂರಿಸಿದವು. ಎರಡನೆಯ ಪಂದ್ಯದಲ್ಲಿ ಮಿಷಿಗನ್ ತಂಡದ ಎದುರು 7-25ರ ಸೋಲು. ಋತು ಮುಗಿಯುವಾಗ ಲೆಕ್ಕ ಹೀಗಿತ್ತು: 5 ಗೆಲುವು, 6 ಸೋಲು.

ಫೌಸ್ಟ್ ಅವರನ್ನು ತೆಗೆದುಹಾಕಬೇಕೆಂಬ ಕೂಗು ವರ್ಷದಿಂದ ವರ್ಷಕ್ಕೆ ಬಲಿಯಿತು. ವಿಶ್ವವಿದ್ಯಾನಿಲಯವು ಕೊಟ್ಟ ಮಾತಿಗೆ ತಪ್ಪದೆ ಒಪ್ಪಂದದ ಐದು ವರ್ಷಗಳನ್ನೂ ಅವರಿಗೆ ನೀಡಿತು. ಆದರೆ ಫಲ ಕಾಣಲಿಲ್ಲ. ಐದು ವರ್ಷಗಳಲ್ಲಿ 30 ಗೆಲುವು, 26 ಸೋಲು, ಒಂದು ಸಮಬಲ. 1985ರಲ್ಲಿ ಅವರು ತಾವಾಗಿಯೇ ರಾಜೀನಾಮೆಯನ್ನು ಪ್ರಕಟಿಸಿದರು. ಅನಂತರ ನಡೆದ ಅವರ ಕಡೆಯ ಪಂದ್ಯದಲ್ಲಿ ಮಯಾಮಿ ತಂಡವು 58-7ರಿಂದ ಗೆದ್ದು ಆ ವಿದಾಯವನ್ನು ಇನ್ನಷ್ಟು ಕಹಿಯಾಗಿಸಿತು.

ಅವರ ಸ್ಥಾನಕ್ಕೆ ಲೂ ಹೋಲ್ಟ್ಸ್ ಅವರು ಬಂದರು. 1986ರ ಋತು ಮುಗಿದಾಗ ಅವರ ಲೆಕ್ಕವೇನಾಗಿತ್ತು? ಅದೂ 5 ಗೆಲುವು, 6 ಸೋಲು! ಅಂಕಿಗಳನ್ನು ಮಾತ್ರ ಬಲ್ಲವನು ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗಿ, ಇಬ್ಬರೂ ಸಮಾನರೆಂದು ಹೇಳಬೇಕಾಗಿತ್ತು. ಆದರೆ ಹೋಲ್ಟ್ಸ್ ಅವರ ತಂಡ ಮರುವರ್ಷ 8 ಪಂದ್ಯಗಳನ್ನು ಗೆದ್ದಿತು. ಅದರ ಮರುವರ್ಷ, 1988ರಲ್ಲಿ, ಆಡಿದ ಹನ್ನೆರಡು ಪಂದ್ಯಗಳನ್ನೂ ಗೆದ್ದು ರಾಷ್ಟ್ರದ ಅಗ್ರಪಟ್ಟವನ್ನು ಪಡೆಯಿತು.

ಹಾಗಾದರೆ ಆ ಮೊದಲ ವರ್ಷದಲ್ಲಿ ಯಾವ ಕುರುಹೂ ಇರಲಿಲ್ಲವೆ? ಹುಡುಕುವ ಕಣ್ಣಿಗೆ ಇತ್ತು. 1986ರ ಆರು ಸೋಲುಗಳಲ್ಲಿ ಐದನ್ನು ಒಟ್ಟುಗೂಡಿಸಿದರೂ ಅಂತರ 14 ಅಂಕಗಳನ್ನು ಮೀರುತ್ತಿರಲಿಲ್ಲ. ಮಿಷಿಗನ್ ಎದುರು ಒಂದಂಕ, ಪಿಟ್ಸ್‌ಬರ್ಗ್ ಎದುರು ಒಂದಂಕ. ಸೋತ ತಂಡವೆಂದು ಹೆಸರಾದರೂ ಅದು ಗೆಲುವಿನ ಹೊಸ್ತಿಲಲ್ಲಿಯೇ ನಿಂತಿತ್ತು. ಗೆಲುವು ಸೋಲುಗಳ ಪಟ್ಟಿ ಏನಾಯಿತೆಂಬುದನ್ನು ಹೇಳುತ್ತದೆ; ಏಕಾಯಿತು, ಹೇಗಾಯಿತು ಎಂಬುದನ್ನು ಹೇಳುವುದಿಲ್ಲ. ನ್ಯಾಯವಾಗಿ ಅಳೆಯಬಯಸುವವನು ಆ ಎರಡು ಪ್ರಶ್ನೆಗಳನ್ನು ತಾನಾಗಿ ಕೇಳಿಕೊಳ್ಳಬೇಕು.

ಈ ಕಥೆಗೆ ಇನ್ನೊಂದು ಮಗ್ಗುಲೂ ಉಂಟು. 1987ರಲ್ಲಿ ದೇಶದ ಶ್ರೇಷ್ಠ ಕಾಲೇಜು ಆಟಗಾರನಿಗೆ ಸಲ್ಲುವ ಹೈಸ್ಮನ್ ಪ್ರಶಸ್ತಿ ನೋಟರ್ ಡೇಮ್ ತಂಡದ ಟಿಮ್ ಬ್ರೌನ್ ಅವರಿಗೆ ದೊರೆಯಿತು. ಅವರು ಆ ತಂಡಕ್ಕೆ ಸೇರಿದ್ದು ಫೌಸ್ಟ್ ಅವರ ಕಾಲದಲ್ಲಿ, 1984ರಲ್ಲಿ. ಒಬ್ಬನು ಬಿತ್ತಿದ್ದನ್ನು ಮತ್ತೊಬ್ಬನು ಕೊಯ್ದನೆಂದು ಇದನ್ನು ನೋಡಿ ಒಬ್ಬರು ಹೇಳಬಹುದು. ಅಂಥ ಪ್ರತಿಭೆ ಕೈಯಲ್ಲಿದ್ದೂ ಫೌಸ್ಟ್ ಅವರಿಂದ ಗೆಲ್ಲಲಾಗಲಿಲ್ಲವಲ್ಲ ಎಂದು ಇನ್ನೊಬ್ಬರು ಹೇಳಬಹುದು. ಎರಡು ಮಾತುಗಳಲ್ಲಿಯೂ ನಿಜವಿದೆ. ತೀರ್ಪು ಕೊಡುವುದು ಅಷ್ಟು ಸುಲಭವಲ್ಲ.

‘ತಾಳಿದವನು ಬಾಳಿಯಾನು’ ಎಂಬ ಗಾದೆಗೆ ಒಪ್ಪುವ ಕಥೆ ವರ್ಜೀನಿಯಾ ರಾಜ್ಯದ ಬ್ಲ್ಯಾಕ್ಸ್‌ಬರ್ಗ್ ಎಂಬ ಊರಿನದು. ಅಲ್ಲಿಯ ವರ್ಜೀನಿಯಾ ಟೆಕ್ ವಿಶ್ವವಿದ್ಯಾನಿಲಯಕ್ಕೆ 1987ರಲ್ಲಿ ಫ್ರಾಂಕ್ ಬೀಮರ್ ಅವರು ತರಬೇತುದಾರರಾಗಿ ಬಂದರು. ಅವರು ಅಲ್ಲಿಯೇ ಓದಿ, ಅಲ್ಲಿಯೇ ಆಡಿದ್ದವರು. ಅವರು ಬರುವುದಕ್ಕೆ ಮೊದಲೇ ತಂಡದಲ್ಲಿ ನಿಯಮಗಳ ಉಲ್ಲಂಘನೆ ನಡೆದಿದ್ದುದರಿಂದ, ಕೊಡಬಹುದಾದ ವಿದ್ಯಾರ್ಥಿವೇತನಗಳನ್ನು ಕಡಿತಗೊಳಿಸಲಾಗಿತ್ತು. ಯಾರದೋ ತಪ್ಪಿಗೆ ಯಾರಿಗೋ ದಂಡ! ಮೊದಲ ವರ್ಷ ಬಂದದ್ದು 2 ಗೆಲುವು, 9 ಸೋಲು. ಎರಡನೆಯ ವರ್ಷ 3 ಗೆಲುವು, 8 ಸೋಲು. ನಡುವೆ ಎರಡು ವರ್ಷ ತಂಡ ತುಸು ಚೇತರಿಸಿಕೊಂಡರೂ ಆರನೆಯ ವರ್ಷವಾದ 1992ರಲ್ಲಿ ಮತ್ತೆ ಕುಸಿಯಿತು: 2 ಗೆಲುವು, 8 ಸೋಲು, ಒಂದು ಸಮಬಲ. ಆ ವರ್ಷ ರಟ್ಗರ್ಸ್ ವಿರುದ್ಧದ ಪಂದ್ಯವನ್ನಂತೂ 49-50ರಿಂದ, ಕಟ್ಟಕಡೆಯ ಆಟದಲ್ಲಿ, ಕಳೆದುಕೊಂಡಿತು. ಆರು ವರ್ಷಗಳ ಒಟ್ಟು ಲೆಕ್ಕ 24 ಗೆಲುವು, 40 ಸೋಲು, 2 ಸಮಬಲ.

ಆರು ವರ್ಷ ಸಣ್ಣ ಅವಧಿಯಲ್ಲ. ಇನ್ನು ಸಾಕೆಂದು ಅಭಿಮಾನಿಗಳು ಹೇಳಿದ್ದರೆ ಅವರನ್ನು ದೂಷಿಸುವಂತಿರಲಿಲ್ಲ. ಆದರೂ ವಿಶ್ವವಿದ್ಯಾನಿಲಯದ ಕ್ರೀಡಾ ನಿರ್ದೇಶಕರು ಬೀಮರ್ ಅವರನ್ನು ಉಳಿಸಿಕೊಂಡರು. ಬೀಮರ್ ಅವರೂ ಹಳೆಯ ದಾರಿಯನ್ನೇ ಹಿಡಿದು ಕೂರಲಿಲ್ಲ. ತಮ್ಮ ಸಹಾಯಕರಲ್ಲಿ ಕೆಲವರನ್ನು ಬದಲಾಯಿಸಿದರು. ಮರುವರ್ಷ ತಂಡವು 9 ಪಂದ್ಯಗಳನ್ನು ಗೆದ್ದಿತು. 1993ರಿಂದ 2015ರವರೆಗೆ, ಸತತ 23 ವರ್ಷ, ಉತ್ತಮ ತಂಡಗಳಿಗೆ ಮೀಸಲಾದ ಋತುವಿನ ಕೊನೆಯ ವಿಶೇಷ ಪಂದ್ಯಗಳಿಗೆ ಅದು ಆಯ್ಕೆಯಾಯಿತು. 2000ದ ಜನವರಿಯಲ್ಲಿ ರಾಷ್ಟ್ರದ ಅಗ್ರಪಟ್ಟಕ್ಕಾಗಿ ಆಡಿ, ಸೋತರೂ ಹೆಸರು ಗಳಿಸಿತು. 1992ರಲ್ಲಿ ಬಾಗಿಲಾಚೆ ನಿಲ್ಲಬೇಕಾಗಿದ್ದ ತರಬೇತುದಾರರು 2015ರಲ್ಲಿ 238 ಗೆಲುವುಗಳೊಡನೆ ಅದೇ ವಿಶ್ವವಿದ್ಯಾನಿಲಯದಿಂದ ನಿವೃತ್ತರಾದರು.

ಇಷ್ಟನ್ನು ಕೇಳಿದವರು ‘ಅಭಿಮಾನಿಗಳು ಸದಾ ಕಾಯಬೇಕು’ ಎಂಬ ನೀತಿಯನ್ನು ತೆಗೆದರೆ ಅದು ಅರ್ಧ ಸತ್ಯವಾಗುತ್ತದೆ. ತಾಳ್ಮೆಯೇ ನ್ಯಾಯವಲ್ಲ. ಫೌಸ್ಟ್ ಅವರಿಗೂ ಕಾಲಾವಕಾಶ ದೊರೆತಿತ್ತು. ಆದರೂ ಗಿಡ ಫಲ ಕೊಡಲಿಲ್ಲ. ಅಭಿಮಾನಿಯು ಕೈಯಿಂದ ಹಣ ಕೊಟ್ಟು ಚೀಟಿ ಕೊಳ್ಳುತ್ತಾನೆ, ಚಳಿ ಮಳೆಗಳಲ್ಲಿ ಕುಳಿತು ಆಟ ನೋಡುತ್ತಾನೆ. ತರಬೇತುದಾರರ ಸಂಬಳವಾದರೋ ಇಂದು ಎಲ್ಲೆ ಮೀರಿ ಬೆಳೆದಿದೆ. 2023ರಲ್ಲಿ ಟೆಕ್ಸಸ್‌ನ ವಿಶ್ವವಿದ್ಯಾನಿಲಯವೊಂದು ತನ್ನ ತರಬೇತುದಾರರನ್ನು ಅವಧಿಗೆ ಮುನ್ನ ಬಿಡುಗಡೆ ಮಾಡುವಾಗ ಒಪ್ಪಂದದಂತೆ ಕೊಡಬೇಕಾಗಿ ಬಂದ ಮೊತ್ತ ಏಳೂವರೆ ಕೋಟಿ ಡಾಲರುಗಳನ್ನು ಮೀರಿತ್ತು. ಅಷ್ಟು ಪಡೆಯುವವನ ಕೆಲಸವನ್ನು ಪ್ರಶ್ನಿಸಬಾರದೆಂದರೆ ಯಾರು ಒಪ್ಪಿಯಾರು?

ಕಾಲವೂ ಬದಲಾಗಿದೆ. ಒಂದು ಕಾಲೇಜು ಬಿಟ್ಟು ಮತ್ತೊಂದನ್ನು ಸೇರಿದ ಆಟಗಾರನು ಹಿಂದೆ ಸಾಮಾನ್ಯವಾಗಿ ಒಂದು ವರ್ಷ ಆಟದಿಂದ ದೂರವಿರಬೇಕಾಗಿತ್ತು. 2021ರಲ್ಲಿ ಆ ಕಟ್ಟು ಸಡಿಲವಾಯಿತು. ಆದುದರಿಂದ ಹೊಸ ತರಬೇತುದಾರನು ಬೇರೆಡೆಯ ಪಳಗಿದ ಆಟಗಾರರನ್ನು ಕರೆತಂದು ಒಂದೇ ವರ್ಷದಲ್ಲಿ ತಂಡದ ರೂಪವನ್ನೇ ಬದಲಾಯಿಸಬಹುದು. 2023ರಲ್ಲಿ ಕೇವಲ 3 ಪಂದ್ಯಗಳನ್ನು ಗೆದ್ದಿದ್ದ ಇಂಡಿಯಾನ ವಿಶ್ವವಿದ್ಯಾನಿಲಯದ ತಂಡವು ಕರ್ಟ್ ಸಿಗ್ನೆಟಿ ಅವರು ಬಂದ ಮೊದಲ ವರ್ಷವೇ, 2024ರಲ್ಲಿ, 11 ಪಂದ್ಯಗಳನ್ನು ಗೆದ್ದಿತು. ಇದನ್ನು ಕಂಡ ಬೇರೆ ಊರಿನ ಅಭಿಮಾನಿ ‘ಅವರಿಂದಾದದ್ದು ನಮ್ಮವರಿಂದೇಕೆ ಆಗದು?’ ಎಂದು ಕೇಳಿದರೆ ಅದು ಸಹಜ. ಆದರೆ ಎಲ್ಲ ಹೊಲಗಳ ಮಣ್ಣೂ ಒಂದೇ ಅಲ್ಲ. ನೆರೆಯವನ ಹೊಲದಲ್ಲಿ ರಾಗಿ ತೆನೆಗಟ್ಟಿತೆಂದು ತನ್ನ ತೆಂಗಿನ ಸಸಿಯನ್ನು ಕಿತ್ತೆಸೆದವನು ಬೆಳೆಯನ್ನು ಬಲ್ಲವನಲ್ಲ.

ಆದುದರಿಂದ ಅಭಿಮಾನಿಗೆ ತೀರ್ಪು ಕೊಡುವ ಹಕ್ಕಿದೆ; ಆ ಹಕ್ಕಿನೊಡನೆ ಒಂದು ಹೊಣೆಯೂ ಇದೆ. ಈ ಮನುಷ್ಯನ ಕೈಗೆ ಬಂದದ್ದೇನು? ತಂಡ ಸೋತದ್ದು ಹೇಗೆ? ಕಳೆದ ವರ್ಷಕ್ಕಿಂತ ಒಂದು ಹೆಜ್ಜೆ ಮುಂದಿಟ್ಟಿದೆಯೆ, ಇಲ್ಲವೆ? ತನ್ನ ತಪ್ಪನ್ನು ಅವನು ತಿದ್ದಿಕೊಳ್ಳುತ್ತಿದ್ದಾನೆಯೆ? ಇಷ್ಟನ್ನೂ ವಿಚಾರಿಸಿದ ಮೇಲೆ ‘ಇವನಿಂದ ಆಗದು’ ಎಂದರೆ ಅದು ನ್ಯಾಯವಾದ ತೀರ್ಪು. ಮುಂದೆ ತಪ್ಪೆಂದು ತೋರಿಬಂದರೂ ಅದು ನ್ಯಾಯವಾದ ತೀರ್ಪೇ. ವಿಚಾರಿಸದೆ ಕೂಗಿದ ಮಾತು ಆಕಸ್ಮಿಕವಾಗಿ ನಿಜವಾದರೂ ನ್ಯಾಯವೆನಿಸದು. ಆತುರಗಾರನಿಗೆ ಬುದ್ಧಿ ಮಟ್ಟವೆಂದು ಹಿರಿಯರು ಹೇಳಿದ್ದು ಇದಕ್ಕಾಗಿಯೇ.

ಮತ್ತೊಂದು ಮಾತು. ಅಭಿಮಾನಿಗೆ ಸಲ್ಲುವುದು ಕೆಲಸವನ್ನು ಅಳೆಯುವ ಹಕ್ಕು ಮಾತ್ರ. ಮನುಷ್ಯನನ್ನು ಹೀಗಳೆಯುವ ಹಕ್ಕು ಯಾರಿಗೂ ಇಲ್ಲ. ಸೋತ ತರಬೇತುದಾರನಿಗೂ ಮನೆಯುಂಟು. ಅವನ ಮಡದಿ ಅದೇ ಊರಿನ ಅಂಗಡಿಗೆ ಹೋಗಬೇಕು, ಅವನ ಮಕ್ಕಳು ಅದೇ ಊರಿನ ಶಾಲೆಯಲ್ಲಿ ಸಹಪಾಠಿಗಳ ನಡುವೆ ಕೂರಬೇಕು. ಶನಿವಾರ ಕ್ರೀಡಾಂಗಣದಲ್ಲಿ ಎಸೆದ ಬಿರುನುಡಿ ಸೋಮವಾರ ಶಾಲೆಯ ಅಂಗಳಕ್ಕೆ ಬಂದು ಬೀಳುತ್ತದೆ. ಫೌಸ್ಟ್ ಅವರು ಗೆಲ್ಲಲಿಲ್ಲವೆಂದವರು ಸುಳ್ಳು ಹೇಳಲಿಲ್ಲ. ಆದರೆ ಅವರು ಸಜ್ಜನರಲ್ಲವೆಂದು ಹೇಳಲು ಅವರ ಕಟುವಿಮರ್ಶಕರಿಗೂ ಸಾಧ್ಯವಾಗಲಿಲ್ಲ. 2024ರಲ್ಲಿ ತೀರಿಕೊಳ್ಳುವವರೆಗೂ ನೋಟರ್ ಡೇಮ್ ಬಗೆಗಿನ ಅವರ ಪ್ರೀತಿ ಬತ್ತಲಿಲ್ಲ.

1992ರ ಆ ಕಹಿ ಋತುವಿನಲ್ಲಿ ಬ್ಲ್ಯಾಕ್ಸ್‌ಬರ್ಗ್‌ನ ಬೀಮರ್ ಅವರ ಮನೆಯಲ್ಲಿ ಹದಿನೈದು ವರ್ಷದ ಹುಡುಗನೊಬ್ಬನಿದ್ದ. ಅವನ ಹೆಸರು ಶೇನ್. ಅವನು ಮುಂದೆ ತಂದೆಯ ತಂಡದಲ್ಲಿಯೇ ಆಡಿದ. 2021ರಲ್ಲಿ ಸೌತ್ ಕೆರೊಲೈನಾ ವಿಶ್ವವಿದ್ಯಾನಿಲಯದ ಮುಖ್ಯ ತರಬೇತುದಾರನಾದ. 2023ರಲ್ಲಿ ಅವರ ತಂಡ 5 ಪಂದ್ಯಗಳನ್ನು ಗೆದ್ದು 7ನ್ನು ಸೋತಿತು. 2024ರಲ್ಲಿ 9 ಪಂದ್ಯಗಳನ್ನು ಗೆದ್ದಿತು. ತಂದೆಯ ಕಾಲದ ತಕ್ಕಡಿ ಮಗನ ಕಾಲದಲ್ಲಿಯೂ ಕ್ರೀಡಾಂಗಣದ ಮೆಟ್ಟಿಲುಗಳ ಮೇಲೆ ತೂಗುತ್ತಲೇ ಇತ್ತು. ಅದನ್ನು ಹಿಡಿದ ಕೈ ನಡುಗದಿರಲಿ ಎಂಬುದಷ್ಟೇ ಕಣದಲ್ಲಿ ನಿಂತವನ ಬೇಡಿಕೆ.