ಕಂಪ್ಯೂಟರಿಗೂ ಹಲಾಲ್-ಹರಾಮ್

ಹಲಾಲ್-ಹರಾಮ್ ಎಂದ ಕೂಡಲೇ ನಮ್ಮ ಗಮನ ಊಟದ ತಟ್ಟೆಯತ್ತ ಹೋಗುತ್ತದೆ. ಮನೆಯ ಕಂಪ್ಯೂಟರಿಗೂ ಅದು ಅನ್ವಯಿಸುತ್ತದೆ ಎಂಬುದು ಎಷ್ಟು ಮಂದಿಗೆ ನೆನಪಿರುತ್ತದೆ?

ಜಗತ್ತಿನ ನಮ್ಮ ಮನೆಯಲ್ಲಿ, ಅಂದರೆ ಕಲಬುರಗಿಯ ಜಗತ್ ಬಡಾವಣೆಯಲ್ಲಿ, ಹಳೆಯ ಕಂಪ್ಯೂಟರೊಂದು ಮೂಲೆ ಸೇರಿತ್ತು. ಅದನ್ನು ಟಿವಿಗೆ ಜೋಡಿಸಿ ಮಕ್ಕಳಿಗೆ ಕುರ್‌ಆನ್ ಪಾರಾಯಣ, ಮನೆಯ ಮದುವೆ ವೀಡಿಯೊಗಳನ್ನು ತೋರಿಸುವ ಆಸೆ. ಅಂಗಡಿಯವರೊಬ್ಬರು ಕಡಿಮೆ ಹಣಕ್ಕೆ ನಕಲಿ ವಿಂಡೋಸ್ ಹಾಕಿಕೊಡುತ್ತೇನೆಂದರು. "ಎಲ್ಲರೂ ಹಾಕಿಸ್ತಾರಲ್ಲ ಅಮ್ಮಿ" ಎಂದ ಮಗ. ಇತರರ ದುಡಿಮೆ ಅವರ ಹಕ್ಕು ಎಂದು ತರಗತಿಯಲ್ಲಿ ಕಲಿಸುವ ನಾನು ಮನೆಯಲ್ಲಿ ಸುಮ್ಮನಿರುವುದು ಹೇಗೆ?

ದಾರಿ ತೋರಿಸಿದ್ದು ಲಿನಕ್ಸ್. 1991ರಲ್ಲಿ ಫಿನ್‌ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಆರಂಭಿಸಿದ ಇದನ್ನು ನಕಲು ಮಾಡಲು, ಹಂಚಲು ಅದರ ಪರವಾನಗಿಯೇ ಅನುಮತಿ ನೀಡುತ್ತದೆ. ಇದನ್ನು ಆಧರಿಸಿ ಟಿವಿಗಾಗಿಯೇ ರೂಪಿಸಿದ್ದು ಲಿಬ್ರೆಇಲೆಕ್. ಅದರೊಳಗೆ ಕೋಡಿ ಎಂಬ ಪ್ಲೇಯರ್ ಇರುತ್ತದೆ.

ಅಳವಡಿಸುವಾಗ ಹಾರ್ಡ್‌ಡಿಸ್ಕ್ ಪೂರ್ತಿ ಅಳಿಸಿಹೋಗುತ್ತದೆ. ಹಾಗಾಗಿ ಮೊದಲು ಫೋಟೋಗಳನ್ನೆಲ್ಲ ಬೇರೆಡೆ ಉಳಿಸಿಕೊಂಡೆವು. ನಂತರ ಪೆನ್‌ಡ್ರೈವ್‌ನಿಂದ ಅಳವಡಿಸಿ, ಎಚ್‌ಡಿಎಂಐ ಕೇಬಲ್‌ನಿಂದ ಟಿವಿಗೆ ಜೋಡಿಸಿದೆವು. ಚಿತ್ರ ಬಂತು, ಸದ್ದಿಲ್ಲ! ಸೆಟ್ಟಿಂಗ್ಸ್‌ನಲ್ಲಿ ಧ್ವನಿಯನ್ನೂ ಎಚ್‌ಡಿಎಂಐಗೆ ಬದಲಿಸಿದಾಗ ಸೂರಃ ರಹ್ಮಾನ್‌ನ ಪಾರಾಯಣ ಮನೆ ತುಂಬಿತು.

ಆದರೆ ಪರೀಕ್ಷೆ ಇಲ್ಲಿಗೇ ಮುಗಿಯುವುದಿಲ್ಲ. ಕೋಡಿ ಖಾಲಿ ಕಪಾಟಿನಂತೆ. ಅದರಲ್ಲಿ ತಾನಾಗಿ ಯಾವ ಸಿನಿಮಾವೂ ಇರುವುದಿಲ್ಲ. ಕದ್ದ ಸಿನಿಮಾ ತೋರಿಸುವ ಆಡ್‌ಆನ್‌ಗಳನ್ನು ಹೊರಗಿನವರು ಹಂಚುವುದುಂಟು. ಪ್ಲೇಯರ್ ಉಚಿತವೆಂದ ಮಾತ್ರಕ್ಕೆ ಇತರರ ಸಿನಿಮಾ ನಮ್ಮದಾಗುವುದಿಲ್ಲ. ಕಪಾಟಿನಲ್ಲಿ ಏನಿಡಬೇಕೆಂಬುದನ್ನು ತಂದೆತಾಯಿಯೇ ನಿರ್ಧರಿಸಬೇಕು.

ಸಹೋದರಿಯರೇ, ಅಡುಗೆಮನೆಯಲ್ಲಿ ತೋರುವ ಎಚ್ಚರವನ್ನು ಟಿವಿಯ ಮುಂದೆಯೂ ತೋರೋಣ. ನಮ್ಮನ್ನು ನೋಡಿಯೇ ಮಕ್ಕಳು ಕಲಿಯುತ್ತಾರೆ.